ಬಾರದ ಚಿಪ್ಪು, ಗಿಳಿ ಸೆರಗು

ಮೊಳಕಾಲ್ಮೂರಿನ ಈ ಬೀದಿಯಲ್ಲಿ ಇನ್ನೂ ಬೆಳಕು ಹರಿದಿಲ್ಲ. ಪುಷ್ಪಲತಾ ಆಗಲೇ ಕಿಟಕಿಯ ಪಕ್ಕ ಕೂತು ರಟ್ಟಿನ ಕಾರ್ಡುಗಳಿಗೆ ತೂತು ಹಾಕುತ್ತಿದ್ದಾರೆ. ಎರಡೂ ಕೈಯ ಬೆರಳು ಹಾರ್ಮೋನಿಯಂ ಮನೆಗಳಂಥ ಕೀಲಿಗಳ ಮೇಲೆ ಓಡುತ್ತವೆ, ಪಾದ ಪೆಡಲು ಒತ್ತುತ್ತದೆ, ‘ಟಕ್’ ಎಂದು ಒಂದು ಸಾಲು ತೂತು ಬೀಳುತ್ತದೆ. ಕಣ್ಣು ಮಾತ್ರ ಎದುರಿಗಿರುವ ಗ್ರಾಫ್ ಹಾಳೆ ಬಿಟ್ಟು ಕದಲುವುದಿಲ್ಲ. ಬೆಳಗಿನ ಎಂಟರೊಳಗೆ ನೂರೈವತ್ತು ಕಾರ್ಡು ಮುಗಿಯಬೇಕು. ಎಂಟಕ್ಕೆ ಬೀದಿಯ ಮಗ್ಗಗಳು ಎದ್ದುಬಿಡುತ್ತವೆ. ಆಮೇಲೆ ಆ ಸದ್ದಿನಲ್ಲಿ, ತಪ್ಪಿ ಬಿದ್ದ ತೂತು ಯಾವುದೆಂದು ಕಿವಿಗೆ ತಿಳಿಯುವುದಿಲ್ಲ.

“ಸರಿಯಾಗಿ ಬಿದ್ದಿದ್ದಕ್ಕೆ ಒಂದು ಸದ್ದು, ತಪ್ಪಿದ್ದಕ್ಕೆ ಇನ್ನೊಂದು. ಅದನ್ನ ಕೇಳಿಸ್ಕೊಳ್ಳೋಕೆ ಈ ಹೊತ್ತೇ ಸರಿ” ಎನ್ನುತ್ತಾರೆ. ಆಮೇಲೆ ಬೀದಿಯ ಕೊನೆಯ ಮಹಡಿ ಮನೆಯತ್ತ ಗದ್ದ ಎತ್ತಿ ತೋರಿಸಿ ನಗುತ್ತಾರೆ. “ಸುಳ್ಳು ಯಾಕೆ ಹೇಳ್ಲಿ? ಅವಳು ಐದಕ್ಕೆ ಲೈಟ್ ಹಾಕ್ತಾಳೆ. ಅದಕ್ಕೇ ನಾನು ನಾಲ್ಕೂವರೆಗೆ ಹಾಕ್ತೀನಿ.”

ಮಹಡಿ ಮನೆಯಲ್ಲಿರುವುದು ಕಾಂಚನಾಳ ಡಿಸೈನ್ ಸೆಂಟರ್. ಮೂರು ವರ್ಷ ಪುಷ್ಪಲತಾ ಅವರ ಬಳಿಯೇ ಕೂತು ಕೆಲಸ ಕಲಿತ ಹುಡುಗಿ ಅವಳು.

ರೇಷ್ಮೆ ಸೀರೆ ಎಂದರೆ ನಮಗೆ ನೇಯ್ದವರ ನೆನಪಾದರೂ ಒಮ್ಮೊಮ್ಮೆ ಬರುತ್ತದೆ. ಆದರೆ ಯಾವ ಎಳೆ ಯಾವಾಗ ಮೇಲೇಳಬೇಕು, ಯಾವುದು ಕೆಳಗೇ ಇರಬೇಕು ಎಂದು ಮಗ್ಗಕ್ಕೆ ಹೇಳಿಕೊಡುವವರು ಬೇರೆಯೇ ಇದ್ದಾರೆ. ಚಿತ್ರವನ್ನು ಚೌಕಳಿ ಚೌಕಳಿಯಾಗಿ ಒಡೆದು, ಮಗ್ಗದ ಮೇಲೆ ಕೂರುವ ಕಾರ್ಡಿನಲ್ಲಿ ಒಂದೊಂದು ಚೌಕಳಿಗೂ ತೂತು ಬೇಕೋ ಬೇಡವೋ ಎಂದು ತೀರ್ಮಾನಿಸುವವರು. ಇಪ್ಪತ್ತೆರಡು ವರ್ಷದಲ್ಲಿ ಪುಷ್ಪಲತಾ ಹೀಗೆ ಆರುನೂರಕ್ಕೂ ಹೆಚ್ಚು ವಿನ್ಯಾಸ ಮಾಡಿದ್ದಾರೆ. ಊರಿನ ಮಗ್ಗಗಳಲ್ಲಿ ಅವರ ನವಿಲು, ಅವರ ಮಾವಿನಕಾಯಿ, ಅವರ ಗೋಪುರಗಳು ಓಡಾಡುತ್ತವೆ. ಯಾವ ಸೀರೆಯ ಮೇಲೂ ಅವರ ಹೆಸರಿಲ್ಲ. ಗಂಡ ಹನುಮಂತರಾಯ ಅದೇ ಮನೆಯ ನಡುಕೋಣೆಯಲ್ಲಿ ಮಗ್ಗ ನಡೆಸುತ್ತಾರೆ. “ಇವಳು ಬರೆದಿದ್ದನ್ನ ನಾನು ನೇಯ್ತೀನಿ. ಮನೇಲೂ ಹಂಗೇ” ಎಂದು ಅವರು ಲಾಳಿ ಎಳೆಯುತ್ತಲೇ ಹೇಳುತ್ತಾರೆ.

ಕಲಿಸಿದವರು ತಂದೆ ಎರ್ರಿಸ್ವಾಮಿ. ಪೆನ್ಸಿಲು, ಕೆಂಪು ಶಾಯಿ, ಗೋಡೆಯಷ್ಟಗಲದ ಗ್ರಾಫ್ ಹಾಳೆ. ಮಗಳು ಹತ್ತನೇ ತರಗತಿ ಮುಗಿಸಿದ ಬೇಸಿಗೆಯಲ್ಲಿ ಪಕ್ಕ ಕೂರಿಸಿಕೊಂಡರು. ಎರಡು ವರ್ಷ ಬರೀ ಅಂಚು ಬರೆಸಿದರು, ಮೂರನೇ ವರ್ಷ ಹೂವು ಕೊಟ್ಟರು. ಕೊನೆಗೆ ಕಲಿಸಿದ್ದು ಚುಕ್ಕಿ.

ಈ ಚುಕ್ಕಿಯ ಸಂಗತಿ ತಿಳಿಯದಿದ್ದರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಸೆರಗಿನ ಮೇಲೆ ಜರಿಯ ಚಿತ್ರ ಮೂಡುವಾಗ, ಚಿತ್ರಕ್ಕೆ ಬೇಡವಾದ ಕಡೆ ಜರಿ ಎಳೆ ಬಟ್ಟೆಯ ಹಿಂಬದಿಯಲ್ಲಿ ಸಡಿಲವಾಗಿ ಹಾಯ್ದುಹೋಗುತ್ತದೆ. ಉದ್ದ ಬಿಟ್ಟರೆ ಬಳೆಗೋ ಕಾಲುಂಗುರಕ್ಕೋ ಸಿಕ್ಕಿ ಕಿತ್ತುಬರುತ್ತದೆ. ನಡುನಡುವೆ ಒಂದೊಂದು ಚುಕ್ಕಿ ಕೊಟ್ಟು ಆ ಎಳೆಯನ್ನು ಬಟ್ಟೆಗೆ ಹಿಡಿಸಬೇಕು. ಹಿಡಿಸಿದ್ದು ಮುಂಬದಿಗೆ ಕಾಣಬಾರದು. ಈಗಿನ ಸಾಫ್ಟ್‌ವೇರೂ ಚುಕ್ಕಿ ಕೊಡುತ್ತದೆ, ಆದರೆ ಸಮ ಅಂತರದಲ್ಲಿ ಕೊಡುವುದರಿಂದ ಮುಂದೆ ಗೆರೆ ಗೆರೆ ಕಾಣುತ್ತದೆ. ಎರ್ರಿಸ್ವಾಮಿಯವರು ಚುಕ್ಕಿಯನ್ನು ಎಲೆಯ ನರದ ಮಗ್ಗುಲಿಗೆ, ಹಕ್ಕಿಯ ಗರಿಯ ಸಂದಿಗೆ, ಹಣ್ಣಿನ ತೊಟ್ಟಿನ ಬುಡಕ್ಕೆ ಬಚ್ಚಿಡುತ್ತಿದ್ದರು. ಆ ವಿದ್ಯೆ ಮಗಳಿಗೆ ಬಂತು.

ಕಂಪ್ಯೂಟರ್ ಬಂದದ್ದು ಆಮೇಲೆ. ಚಳ್ಳಕೆರೆಯ ಬಸ್ ನಿಲ್ದಾಣದ ಹಿಂದೆ, ಶೇಂಗಾ ಎಣ್ಣೆ ಮಿಲ್ಲಿನ ಘಾಟು ಬೀಸುವ ಓಣಿಯಲ್ಲಿ ಅಮರೇಶ್ ಅವರ ಅಂಗಡಿ. ಕಂಪ್ಯೂಟರ್ ಜೋಡಿಸಿಕೊಡುವುದು, ರಿಪೇರಿ ಮಾಡುವುದು ಅವರ ಕಸುಬು. ಅವರ ಬಳಿ ಹನ್ನೊಂದು ವರ್ಷದ ಹಿಂದೆ ಕೊಂಡ ಸೆಕೆಂಡ್ ಹ್ಯಾಂಡ್ ಯಂತ್ರದಲ್ಲೇ ಪುಷ್ಪಲತಾ ಗ್ರಾಫ್ ಬರೆಯುತ್ತಿದ್ದರು. ಸಣ್ಣ ಬುಟ್ಟಾ, ಅಂಚು ಇದ್ದರೆ ಪರವಾಗಿಲ್ಲ. ಇಡೀ ಸೆರಗು ತೆರೆದರೆ ಯಂತ್ರ ಗಕ್ಕನೆ ನಿಂತುಬಿಡುತ್ತಿತ್ತು.

ಕಾಂಚನಾ ಹತ್ತಿರದ ಬಿ.ಜಿ. ಕೆರೆ ಎಂಬ ಊರಿನಿಂದ ದಿನಾ ಬಸ್ಸಿನಲ್ಲಿ ಬಂದು ಕಲಿತವಳು. ಆಗ ಅವಳಿಗೆ ಹತ್ತೊಂಬತ್ತು. “ಮೊದಲನೇ ವಾರದಲ್ಲೇ ಗೊತ್ತಾಗೋಯ್ತು ನಂಗೆ. ನಾನು ಎರಡು ವರ್ಷ ತಿದ್ದಿದ ಅಂಚನ್ನ ಅವಳು ಇಪ್ಪತ್ತು ದಿನಕ್ಕೆ ಹಾಕಿದ್ಳು. ಶಭಾಷ್ ಅಂದೆ. ಒಳಗೆ ಮಾತ್ರ ಕೆಂಡ ಬಿದ್ದಂಗಾಯ್ತು.” ಇದನ್ನು ಹೇಳುವಾಗ ಪುಷ್ಪಲತಾ ತಲೆ ತಗ್ಗಿಸುವುದಿಲ್ಲ. ಕಾರ್ಡಿನ ಅಂಚು ಸರಿಮಾಡುತ್ತಾ, ಯಾರದೋ ಸಂಗತಿ ಹೇಳುವಂತೆ ಹೇಳುತ್ತಾರೆ. ಮೂರು ವರ್ಷ ಎಲ್ಲವನ್ನೂ ಕಲಿಸಿದರು. ಚುಕ್ಕಿ ಬಚ್ಚಿಡುವುದನ್ನು ಮಾತ್ರ ಹೇಳಿಕೊಡಲಿಲ್ಲ. ಆ ಕೆಲಸವಿದ್ದ ದಿನ ಅವಳನ್ನು ನೂಲು ತರಲು ಕಳಿಸುತ್ತಿದ್ದರು, ಇಲ್ಲವೇ “ಇವತ್ತು ಬೇಗ ಹೋಗು, ಬಸ್ ತಪ್ಪುತ್ತೆ” ಎನ್ನುತ್ತಿದ್ದರು.

ಹೋದ ವರ್ಷದ ಯುಗಾದಿಗೆ ಕಾಂಚನಾ ಅದೇ ಬೀದಿಯಲ್ಲಿ ಸ್ವಂತ ಸೆಂಟರ್ ತೆರೆದಳು. ಅವಳ ಕಂಪ್ಯೂಟರಿನ ಪ್ರೊಸೆಸರ್, ಅಂದರೆ ಲೆಕ್ಕವೆಲ್ಲ ಮಾಡುವ ಚಿಪ್ಪು, ಹೊಸದು. ಪುಷ್ಪಲತಾಗೆ ಅರ್ಧ ದಿನ ಹಿಡಿಯುವ ಕೆಲಸ ಅಲ್ಲಿ ಟೀ ಕುಡಿಯುವಷ್ಟರಲ್ಲಿ ಆಗುತ್ತದೆಂದು ಬೀದಿಯೆಲ್ಲ ಸುದ್ದಿ. ಪುಷ್ಪಲತಾ ದಿನಸಿ ಅಂಗಡಿಗೆ ಹೋಗುವ ದಾರಿ ಬದಲಿಸಿದರು. ಹತ್ತಿರದ ದಾರಿ ಬಿಟ್ಟು ಮಹಡಿ ಮನೆಯ ಮುಂದಿನ ದೂರದ ದಾರಿ ಹಿಡಿದರು. ಮೆಟ್ಟಿಲ ಕೆಳಗೆ ಬಿಟ್ಟ ಚಪ್ಪಲಿ ಎಣಿಸುವುದಕ್ಕೆ. ಒಂದು ದಿನ ಮೂರು ಜೊತೆ, ಒಂದು ದಿನ ಐದು. ಯಾವ ಚಪ್ಪಲಿ ಯಾವ ನೇಕಾರರದು ಎಂಬುದೂ ಅವರಿಗೆ ಗೊತ್ತು.

ಆಷಾಢದಲ್ಲಿ ಹೊಸ ಕಂಪ್ಯೂಟರ್ ಕೊಳ್ಳಲು ಚಳ್ಳಕೆರೆಗೆ ಹೊರಟರು. ಅಮರೇಶ್ ಅವರ ಅಂಗಡಿಯಲ್ಲಿ ಅಂದು ನಡೆದ ಮಾತನ್ನು ಇಬ್ಬರೂ ಹೆಚ್ಚುಕಡಿಮೆ ಒಂದೇ ರೀತಿ ನೆನೆಯುತ್ತಾರೆ.

“ಪ್ರೊಸೆಸರ್ ಮಾಡೋ ದೊಡ್ಡ ಕಂಪನಿ ಎರಡೇ ಪುಷ್ಪಕ್ಕ. ಇವನು ಒಂದು ಬಿಟ್ರೆ ಅವನು ಇನ್ನೊಂದು ಬಿಡ್ತಾನೆ. ಕಾಂಚನಾ ಹಾಕ್ಸಿದ್ದು ಈ ಕಂಪನೀದು. ನಿಮಗೂ ಅದೇ ಹಾಕ್ಲಾ? ನಾಳೇನೇ ಕೊಡ್ತೀನಿ.”

“ಅವಳದ್ದು ಬ್ಯಾಡ. ಇನ್ನೊಂದು ಕಂಪನೀದು ಹೆಂಗೈತೆ?”

“ಅವರದು ಹೊಸ ಚಿಪ್ ಬರೋದೈತೆ. ಇದಕ್ಕಿಂತ ಒಂದು ಕೈ ಮೇಲು ಅಂತಿದಾರೆ. ಗೌರಿ ಹಬ್ಬದ ಹೊತ್ತಿಗೆ ಬರ್ತೈತಂತೆ. ಆದ್ರೆ ಕಾಯಬೇಕು.”

“ಇದಕ್ಕಿಂತ ಮೇಲಾ?”

“ಹಂಗಂತ ಹೇಳ್ತಾರ್ರಿ.”

“ಅದೇ ಇರ್ಲಿ ಬಿಡು.”

ಒಂದು ಕಂಪನಿಯ ಚಿಪ್ಪಿಗೆ ಮಾಡಿದ ಮದರ್‌ಬೋರ್ಡಿನಲ್ಲಿ ಇನ್ನೊಂದು ಕಂಪನಿಯ ಚಿಪ್ಪು ಕೂರುವುದಿಲ್ಲ. ಆದ್ದರಿಂದ ಬೋರ್ಡು, ಮೆಮೊರಿ, ಕ್ಯಾಬಿನೆಟ್ಟು, ಫ್ಯಾನು ಎಲ್ಲವನ್ನೂ ಆ ಕಂಪನಿಗೆ ಹೊಂದುವಂತೆ ಅಂದೇ ಕೊಂಡು ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದರು. ಅಮರೇಶ್ ಬಂದು ಜೋಡಿಸಿದರು. ಬೋರ್ಡಿನ ನಡುವೆ, ಚಿಪ್ಪು ಕೂರಬೇಕಾದ ಪುಟ್ಟ ಚೌಕ ಮಾತ್ರ ಖಾಲಿ.

ಗೌರಿ ಹಬ್ಬ ಬಂತು, ಚಿಪ್ಪು ಬರಲಿಲ್ಲ. ದೀಪಾವಳಿಗೆ ಎಂದರು. “ಫ್ಯಾಕ್ಟ್ರೀಲಿ ಹತ್ತು ಮಾಡಿದ್ರೆ ನಾಲ್ಕು ಕೆಡ್ತಾವಂತೆ ಅಕ್ಕಾ. ಬಂದಿದ್ದೂ ಮೊದಲು ದೊಡ್ಡ ಊರುಗಳಿಗೇ ಹೋಗ್ತಾವೆ” ಎಂದು ಅಮರೇಶ್ ಸಮಾಧಾನ ಹೇಳಿದರು. ಹನುಮಂತರಾಯರಿಗೆ ನಗು. “ತೆಂಗಿನ ಚಿಪ್ಪಾದ್ರೂ ಕೈಗೆ ಸಿಗುತ್ತೆ ಮಾರಾಯ್ತಿ!”

ಪುಷ್ಪಲತಾ ನಗಲಿಲ್ಲ. ಮೊಬೈಲಿನಲ್ಲಿ ಕನ್ನಡದ ವಿಡಿಯೊಗಳನ್ನು ಹುಡುಕಿ ಹುಡುಕಿ ನೋಡತೊಡಗಿದರು. ಯಾವ ಕಂಪನಿ ಎಷ್ಟು ನ್ಯಾನೊಮೀಟರಿಗೆ ಇಳಿಯಿತು, ಯಾರ ಚಿಪ್ಪು ಬೇಗ ಬಿಸಿಯಾಗುತ್ತದೆ, ಎಲ್ಲ ಬಾಯಿಪಾಠವಾಯಿತು. “ಕೂದಲನ್ನ ಸಾವಿರಾರು ಸಲ ಸೀಳಿದಷ್ಟು ಸಣ್ಣ ಗೆರೆ ಎಳೀತಾರಂತೆ. ಎಳೆ ಲೆಕ್ಕ ಹಾಕೋರು ನಾವೂ ಅಲ್ವಾ? ಒಂದು ತಪ್ಪಿದ್ರೆ ಇಡೀ ಸೆರಗು ಹೋಗುತ್ತೆ. ಅವರ ಕಷ್ಟ ನಂಗೆ ಅರ್ಥ ಆಗ್ತಿತ್ತು.” ಆದರೆ ಆಸೆ ಬೇರೆಯೇ ಇತ್ತು. ತನ್ನ ಕಂಪನಿ ಗೆಲ್ಲಬೇಕು, ಕಾಂಚನಾಳ ಕಂಪನಿ ಸೋಲಬೇಕು. ಎಲ್ಲೋ ಸಮುದ್ರದಾಚೆ ನಡೆಯುತ್ತಿದ್ದ ಪೈಪೋಟಿ ಮೊಳಕಾಲ್ಮೂರಿನ ಒಂದು ಬೀದಿಯ ಎರಡು ಮನೆಗಳ ನಡುವೆ ಬಂದು ಕೂತಿತ್ತು.

ದಸರೆ ಕಳೆದ ವಾರ, ಹಿರಿಯ ನೇಕಾರ ಬಾಲರಾಜು ಒಂದು ಗಂಟು ಹಿಡಿದು ಪುಷ್ಪಲತಾ ಮನೆಗೆ ಬಂದರು. ಗಂಟಿನಲ್ಲಿ ಅವರ ಅಜ್ಜಿಯ ಮದುವೆ ಸೀರೆ. ಮೈಯೆಲ್ಲ ಜಾಳಾಗಿ, ಮುಟ್ಟಿದಲ್ಲಿ ಪುಡಿಯಾಗುತ್ತಿತ್ತು. ಸೆರಗು ಮಾತ್ರ ಇನ್ನೂ ಉಸಿರು ಹಿಡಿದುಕೊಂಡಿತ್ತು. ದಾಳಿಂಬೆ ಕೊಂಬೆಯ ಮೇಲೆ ಸಾಲಾಗಿ ಗಿಳಿಗಳು, ಒಂದರ ಮುಖ ಇನ್ನೊಂದರಂತಿಲ್ಲ. “ಚಿಲಕಲ ಪೈಟ ಅಮ್ಮಾ ಇದು” ಎಂದರು ಬಾಲರಾಜು. ಅವರ ಮನೆಮಾತು ತೆಲುಗಿನಲ್ಲಿ ಗಿಳಿ ಸೆರಗು ಎಂದರ್ಥ. “ಮಾಘದಲ್ಲಿ ಮೊಮ್ಮಗಳು ರಶ್ಮಿತಾ ಮದುವೆ. ಇದೇ ಸೆರಗು ಉಟ್ಟು ಹಸೆಮಣೆ ಮೇಲೆ ಕೂರ್ಬೇಕು ಅಂತಾಳೆ. ಕಾರ್ತಿಕ ಮುಗಿಯೋದ್ರೊಳಗೆ ಕಾರ್ಡು ಕೊಟ್ರೆ ನಾನೇ ನೇಯ್ತೀನಿ. ಇನ್ನೊಂದು ಸೀರೆ ನೇಯೋವಷ್ಟು ಕಣ್ಣು ನಂಗುಳಿದಿಲ್ಲ.”

ಹಳೆಯ ಯಂತ್ರದಲ್ಲಿ ಪುಷ್ಪಲತಾ ಸೆರಗನ್ನು ಆರು ತುಂಡಾಗಿ ಬರೆದರು. ತುಂಡುಗಳನ್ನು ಕೂಡಿಸಲು ಹೋದಾಗಲೆಲ್ಲ ಪರದೆ ಕಲ್ಲಾಗುತ್ತಿತ್ತು. ದೀಪಾವಳಿಯ ಮುನ್ನಾದಿನ ಅಮರೇಶ್ ಫೋನ್ ಮಾಡಿದರು. ಚಿಪ್ಪು ಬರುವುದು ಸಂಕ್ರಾಂತಿಗೆ ಮುಂದಕ್ಕೆ ಹೋಗಿತ್ತು. “ಅಕ್ಕಾ, ನನ್ನ ಮಾತು ಕೇಳ್ರಿ. ಆ ಬೋರ್ಡು ನಾನು ವಾಪಸ್ ತಗೊಂತೀನಿ. ಕಾಂಚನಾ ಹಾಕ್ಸಿದ ಕಂಪನೀದೇ ನಾಳೆ ಬೆಳಗ್ಗೆ ಹಾಕಿಕೊಡ್ತೀನಿ.”

“ಬ್ಯಾಡ.”

“ಯಾಕ್ರೀ ಹಟ?”

“ಹಾಕ್ಸಿದ್ರೆ ಅವಳ ಮುಂದೆ ತಲೆ ತಗ್ಗಿಸಿದಂಗೆ ಆಗುತ್ತೆ. ನಿಂಗೆ ತಿಳಿಯಲ್ಲ ಬಿಡು.”

ಹೀಗೆ ಅಮರೇಶ್ ನಾಲ್ಕು ಸಲ ಕೇಳಿದರು, ಪುಷ್ಪಲತಾ ನಾಲ್ಕು ಸಲವೂ ಬೇಡವೆಂದರು. ಬಾಲರಾಜು ಕಾಯುವಷ್ಟು ಕಾದು, ಒಂದು ಬೆಳಗ್ಗೆ ಸಂಕೋಚದಿಂದಲೇ ಬಂದು ಸೀರೆ ಗಂಟು ಕೇಳಿದರು. ಪುಷ್ಪಲತಾ ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ಮುದುಕರು ಬೀದಿಯ ಕೊನೆಯವರೆಗೆ ನಡೆದು, ಮಹಡಿ ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟರು. “ಆವತ್ತು ಅನ್ನ ಇಳೀಲಿಲ್ಲ. ನನ್ನ ಗಿಳಿ ಅವಳ ಮನೆಗೆ ಹೋಯ್ತಲ್ಲ ಅಂತ.”

ಹತ್ತೇ ದಿನಕ್ಕೆ ಕಾಂಚನಾ ವಿನ್ಯಾಸ ಮುಗಿಸಿದಳು. ಬಾಲರಾಜು ಒಂದು ಗೇಣು ಮಾದರಿ ನೇಯ್ದರು. ನೇಯ್ದದ್ದನ್ನು ಹಿಡಿದು ಮತ್ತೆ ಪುಷ್ಪಲತಾ ಬಾಗಿಲಿಗೇ ಬಂದರು. ಮುಂಬದಿ ಚೆಂದವಾಗಿತ್ತು, ಗಿಳಿಯ ಕಣ್ಣು ಕೂಡ ಹೊಳೆಯುತ್ತಿತ್ತು. ಹಿಂಬದಿ ತಿರುಗಿಸಿದರೆ ಜರಿ ಎಳೆಗಳು ಬೆರಳುದ್ದ ಜೋತುಬಿದ್ದಿದ್ದವು. ಸಾಫ್ಟ್‌ವೇರಿನ ಚುಕ್ಕಿ ಹಾಕಿದರೆ ಗಿಳಿಯ ಮೈತುಂಬ ಗೆರೆ, ತೆಗೆದರೆ ಹೀಗೆ.

ಪುಷ್ಪಲತಾಗೆ ನೋಡಿದ ಕೂಡಲೇ ತಿಳಿಯಿತು. ತಾನು ಹೇಳಿಕೊಡದೆ ಉಳಿಸಿಕೊಂಡದ್ದು ಅಲ್ಲಿ ಜೋತಾಡುತ್ತಿತ್ತು.

“ಹುಡುಗಿ ಎರಡು ದಿನದಿಂದ ಅಳ್ತಾ ಕೂತೈತಮ್ಮ” ಎಂದರು ಬಾಲರಾಜು. “ಅಕ್ಕ ಎಲ್ಲಾ ಹೇಳಿಕೊಟ್ಟಿದ್ರು, ನನ್ನ ತಲೆಗೇ ಹತ್ತಲಿಲ್ಲ ಅಂತಾಳೆ.”

ಮುದುಕರು ಹೋದ ಮೇಲೆ ಪುಷ್ಪಲತಾ ಏನು ಮಾಡಿದರು? “ಪಾಯಸ ಮಾಡ್ದೆ” ಎನ್ನುತ್ತಾರೆ ನೇರವಾಗಿ. “ಇವ್ರು ಏನು ವಿಶೇಷ ಅಂದ್ರು. ಸುಮ್ನೆ ಅಂದೆ. ಸಂಜೆ ಎರಡು ಸಲ ಅವಳ ಮನೆ ಮುಂದೆ ಹೋಗ್ಬಂದೆ. ಒಂದು ಜೊತೆ ಚಪ್ಪಲೀನೂ ಇರ್ಲಿಲ್ಲ. ಅಷ್ಟು ಖುಷಿ ಆಗಿತ್ತು ನಂಗೆ. ಮಾರನೇ ದಿನ ಮಾತ್ರ ಅವಳ ಮಾತು ಕಿವೀಲಿ ಕೂತ್ಕೊಂಡ್ಬಿಡ್ತು. ಎಲ್ಲಾ ಹೇಳಿಕೊಟ್ಟಿದ್ರು ಅಂದಿದ್ದಾಳೆ. ಬೈದಿದ್ರೆ ಆರಾಮಾಗಿ ಇರ್ತಿದ್ದೆ.”

ಮೂರನೆಯ ದಿನ ಬೆಳಗ್ಗೆ ಅವರು ಮಹಡಿ ಮೆಟ್ಟಿಲು ಹತ್ತಿದರು. ಕಾಂಚನಾ ಗಾಬರಿಯಾಗಿ ಎದ್ದು, ಕುರ್ಚಿಯನ್ನು ದುಪಟ್ಟಾದಲ್ಲಿ ಒರೆಸಿದಳು.

“ಬರ್ರಿ ಅಕ್ಕಾ, ಕೂಕೊಳ್ರಿ.”

“ಗಿಳಿ ತೆಗಿ.”

ಇಡೀ ಸೆರಗು ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆಯ ಮೇಲೆ ಹರಡಿಕೊಂಡಿತು. ದೊಡ್ಡದು ಮಾಡಿದರೆ ದೊಡ್ಡದಾಯಿತು, ಸರಿಸಿದರೆ ಸರಿಯಿತು, ಎಲ್ಲೂ ತಡವರಿಸಲಿಲ್ಲ. ಪುಷ್ಪಲತಾ ಮೆಲ್ಲಗೆ ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟು ನೋಡಿದರು. ಆ ಕಂಪನಿಯ ಚಿಪ್ಪು ಬಿಸಿಯಾಗುತ್ತದೆಂದು ವಿಡಿಯೊದಲ್ಲಿ ಕೇಳಿದ್ದರಲ್ಲ. ತಣ್ಣಗಿತ್ತು. “ಆ ಕುರ್ಚೀಲಿ ಕೂತಾಗ ಆದ ಹೊಟ್ಟೆಯುರಿ ಯಾವತ್ತೂ ಆಗಿರ್ಲಿಲ್ಲ. ಇಂಥದ್ದು ನಂಗೆ ಇಪ್ಪತ್ತು ವರ್ಷದ ಹಿಂದೆ ಸಿಕ್ಕಿದ್ರೆ ಅನ್ನಿಸ್ತು.”

ಆಮೇಲೆ ಮೌಸ್ ಹಿಡಿದು ಮೊದಲ ಗಿಳಿಯ ರೆಕ್ಕೆಯ ಸಂದಿಯಲ್ಲಿ ಒಂದು ಚುಕ್ಕಿ ಇಟ್ಟರು. ಕೊಕ್ಕಿನ ಬುಡದಲ್ಲಿ ಇನ್ನೊಂದು. ದಾಳಿಂಬೆಯ ತೊಟ್ಟಿಗೆ ಮತ್ತೊಂದು. ಕಾಂಚನಾ ಪರದೆಯತ್ತ ಬಾಗಿ ನೋಡುತ್ತಿದ್ದಳು.

“ಇದನ್ನ ನಿಂಗೆ ಹೇಳಿಕೊಟ್ಟಿರ್ಲಿಲ್ಲ” ಎಂದರು ಪುಷ್ಪಲತಾ, ಪರದೆಯಿಂದ ಕಣ್ಣು ತೆಗೆಯದೆ. “ಮರೆತಿದ್ದಲ್ಲ. ಬೇಕಂತಲೇ.”

ಕೆಳಗೆ ಯಾರದೋ ಟ್ರ್ಯಾಕ್ಟರ್ ಹಾದುಹೋಯಿತು.

“ಯಾಕಕ್ಕಾ?”

“ಹೊಟ್ಟೆಕಿಚ್ಚು ಕಣೇ.”

“ಆಗ ನನ್ನತ್ರ ಏನಿತ್ತಕ್ಕಾ? ಒಂದು ಬಸ್ ಪಾಸು.”

“ಕೈ ಇತ್ತು” ಎಂದರು ಪುಷ್ಪಲತಾ. “ಬಾ, ಈ ಎರಡನೇ ಗಿಳಿ ನೀನು ಮಾಡು. ಗರಿ ಯಾವ ಕಡೆ ಮಲಗೈತೆ ನೋಡ್ಕೊಂಡು ಇಡು.”

ನಾಲ್ಕು ದಿನ ಬೆಳಗ್ಗೆ ಇಬ್ಬರೂ ಅಲ್ಲೇ ಕೂತರು. ಸಾವಿರದ ನೂರಕ್ಕೂ ಹೆಚ್ಚು ಚುಕ್ಕಿ. ಮೂರನೆಯ ದಿನ ಕಾಂಚನಾಳ ಕೈ ತಾನೇ ಜಾಗ ಹುಡುಕತೊಡಗಿತು, ಒಂದೆರಡು ಕಡೆ ಎರ್ರಿಸ್ವಾಮಿಯವರಿಗೂ ಹೊಳೆಯದಂಥ ಜಾಗ. ಪುಷ್ಪಲತಾ ಅದನ್ನು ಕಂಡು, ಮುಂದಿನ ಗಿಳಿಗೆ ಸರಿದರು. ಸಾವಿರದ ಎಂಟುನೂರು ಕಾರ್ಡುಗಳಿಗೆ ತೂತು ಹಾಕುವ ಕೆಲಸವನ್ನು ಮನೆಗೆ ತಂದರು. ಬಾಲರಾಜು ನೇಯ್ದು ಮುಗಿಸಿದಾಗ ಮದುವೆಗೆ ಒಂಬತ್ತು ದಿನ ಬಾಕಿಯಿತ್ತು.

ಮದುವೆಯಲ್ಲಿ ಎಲ್ಲರದೂ ಒಂದೇ ಮಾತು, ಕಾಂಚನಾ ಕಂಪ್ಯೂಟರಲ್ಲಿ ಎಂಥಾ ಸೆರಗು ತೆಗೆದಳು ನೋಡು. ಕಾಂಚನಾ “ಅಕ್ಕಾನೂ ಇದ್ರು” ಎನ್ನುತ್ತಲೇ ಇದ್ದಳು, ಓಲಗದ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಪುಷ್ಪಲತಾ ಊಟದ ಸಾಲಿನಲ್ಲಿ ನಿಂತು ನೋಡುತ್ತಿದ್ದರು. ಆಗಿದ್ದು ಇಷ್ಟು. ಎಂಬತ್ತರ ಹತ್ತಿರದ ಜಯಕ್ಕ, ಐವತ್ತು ವರ್ಷ ಮಗ್ಗದಲ್ಲಿ ಕೂತವರು, ಅಕ್ಕಿಕಾಳು ಹಾಕಿ ಹರಸಲು ಹೋದವರು ಮದುಮಗಳ ಸೆರಗಿನ ತುದಿ ಹಿಡಿದು ಹಿಂಬದಿ ತಿರುವಿದರು. ಬೆರಳಾಡಿಸಿದರು. ಎಲ್ಲೂ ಸಡಿಲ ಎಳೆ ಸಿಗಲಿಲ್ಲ. “ಇದು ಎರ್ರಿಸ್ವಾಮಿ ಮಗಳ ಕೈ” ಎಂದರು ಗಟ್ಟಿಯಾಗಿ. ತುಸು ಹೊತ್ತು ಇನ್ನೊಂದು ಜಾಗ ಸವರಿ, “ಇದು ಬ್ಯಾರೆ ಯಾರದೋ. ಇದೂ ಚೆನ್ನಾಗೈತೆ” ಎಂದರು.

“ಮೊದಲನೇ ಮಾತಿಗೆ ಕಣ್ಣಲ್ಲಿ ನೀರು ಬಂತು” ಎನ್ನುತ್ತಾರೆ ಪುಷ್ಪಲತಾ. “ಎರಡನೇ ಮಾತಿಗೆ ಬೆಂಕಿ ಬಿತ್ತು.”

ಚಿಪ್ಪು ಬಂದದ್ದು ಶಿವರಾತ್ರಿ ಕಳೆದ ಮೇಲೆ. ಅಮರೇಶ್ ಅಂಗಡಿ ಮುಚ್ಚಿ, ಚಳ್ಳಕೆರೆಯಿಂದ ತಾವೇ ಬಸ್ಸಿನಲ್ಲಿ ತಂದರು. ಬೆರಳ ತುದಿಯಲ್ಲಿ ಹಿಡಿದು ಖಾಲಿ ಚೌಕದಲ್ಲಿ ಕೂರಿಸಿದಾಗ ಹನುಮಂತರಾಯರೂ ಮಗ್ಗ ನಿಲ್ಲಿಸಿ ಬಂದು ನಿಂತರು. ಎಂಟು ತಿಂಗಳು ಕಾದ ವಸ್ತು ಒಂದು ಬಿಸ್ಕತ್ತಿನಷ್ಟೂ ಇರಲಿಲ್ಲ. ಯಂತ್ರ ಮಾತ್ರ ಹೇಳಿದಂತೆಯೇ ಇತ್ತು. ಆರು ತುಂಡಾಗಿ ಬಿದ್ದಿದ್ದ ಗಿಳಿ ಸೆರಗು ಒಂದೇ ಏಟಿಗೆ ಕೂಡಿಕೊಂಡಿತು.

ಸುದ್ದಿ ತಿಳಿದು ಕಾಂಚನಾ ಅಂದೇ ಬಂದಳು. ಮೌಸ್ ಹಿಡಿದು ಹಿಂದೆ ಮುಂದೆ ಓಡಿಸಿದಳು. ಅವಳ ಮುಖ ಸಣ್ಣದಾಗುವುದನ್ನು ಪುಷ್ಪಲತಾ ಕಣ್ಣು ತುಂಬ ನೋಡಿದರು.

“ನಮ್ದಕ್ಕಿಂತ ಫಾಸ್ಟ್ ಐತಲ್ಲಕ್ಕಾ!”

“ಐತೆ.”

“ನಮ್ ಕಂಪನಿಯವರು ಹೊಸದು ಬಿಡ್ತಿದಾರಂತೆ, ಶ್ರಾವಣಕ್ಕೆ. ನಾನು ಬುಕ್ ಮಾಡೀನಿ.”

“ಮಾಡು, ಮಾಡು. ತಡ ಆಗ್ತಾವೆ ಅವು” ಎಂದು ಪುಷ್ಪಲತಾ ಕಾಫಿ ಲೋಟ ಮುಂದಿಟ್ಟರು.

ಈಗ ಬೆಳಗ್ಗೆ ಎಂಟು ಗಂಟೆ. ಬೀದಿಯಲ್ಲಿ ಮಗ್ಗಗಳು ಶುರುವಾಗಿವೆ. ಕಾಂಚನಾ ಮೊನ್ನೆ ಒಂದು ಹಂಸದ ವಿನ್ಯಾಸ ತಂದು ತೋರಿಸಿದ್ದಾಳೆ. ಕುತ್ತಿಗೆಯ ಬಾಗಿನಲ್ಲಿ ಅವಳು ಚುಕ್ಕಿ ಬಚ್ಚಿಟ್ಟ ರೀತಿ ನೋಡಿ ಪುಷ್ಪಲತಾಗೆ ಎರಡು ದಿನ ನಿದ್ದೆಯಿಲ್ಲ. ತಾವೂ ಈಗ ಒಂದು ಹಂಸ ಶುರುಮಾಡಿದ್ದಾರೆ. ಅವಳು ಸೋಲಬೇಕೆಂದು ಈಗಲೂ ಅನಿಸುತ್ತದೆಯೇ ಎಂದು ಕೇಳಿದರೆ ಕಾರ್ಡುಗಳ ಕಟ್ಟನ್ನು ನೆಲಕ್ಕೆ ಕುಟ್ಟಿ ಸಮ ಮಾಡುತ್ತಾರೆ.

“ಸೋಲೋದು ಬ್ಯಾಡಪ್ಪಾ, ಕಲಿಸಿದೋಳು ನಾನೇ ಅಲ್ವಾ” ಎನ್ನುತ್ತಾರೆ. “ನನಗಿಂತ ಒಂದೇ ಒಂದು ದಿನ ಹಿಂದೆ ಇದ್ರೆ ಸಾಕು.”